ಖಾಲಿ ಸೈಟಿನಲ್ಲಿ ಅಕ್ಕ ಚೆಂಡು ಹಿಡಿದದ್ದು

ಪ್ರತಿ ಮನೆಯಲ್ಲೂ ಒಂದು ಗುಂಡಿ ಡಬ್ಬಿ ಇರುತ್ತದೆ. ಒಂದು ಕಾಲಕ್ಕೆ ಅದು ಬಿಸ್ಕತ್ತಿನ ಡಬ್ಬಿಯಾಗಿದ್ದು, ಈಗ ಬಿಸ್ಕತ್ತೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಕೂತಿರುತ್ತದೆ. ಹೋದ ವಾರ ರವಿಕೆಗೆ ಒಂದು ಹುಕ್ಕು ಬೇಕಾಗಿ ನಮ್ಮ ಮನೆಯ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದೆ. ಹುಕ್ಕು ಸಿಗಲಿಲ್ಲ. ದಾರಕ್ಕೆ ಪೋಣಿಸಿಟ್ಟ, ತುಕ್ಕು ಹಿಡಿದ, ಹೆಬ್ಬೆರಳಷ್ಟು ಉದ್ದದ ಸೇಫ್ಟಿ ಪಿನ್ನುಗಳ ಒಂದು ಗೊಂಚಲು ಸಿಕ್ಕಿತು. ಮೊಮ್ಮಗಳು ನೋಡಿ, "ಅಜ್ಜಿ, ಇದನ್ನ ಕಂಬಳಿಗೆ ಹಾಕ್ತಿದ್ರಾ?" ಎಂದು ಕೇಳಿದಳು. ಸೀರೆಗೆ ಎಂದೆ. ಇಷ್ಟು ದಪ್ಪದ ಪಿನ್ನು ಹಾಕಿ ಬಿಗಿಯಬೇಕಾದ ಸೀರೆ ಎಂಥದ್ದು ಎಂದು ಅವಳಿಗೆ ನಗು. ತ್ರೋಬಾಲ್ ಆಡುವ ಸೀರೆ ಎಂದಿದ್ದರೆ ನಂಬುತ್ತಿದ್ದಳೆ? ಅವಳ ಪಾಲಿಗೆ ನಾನು ಹುಟ್ಟಿದಾಗಿನಿಂದ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕೂತಿರುವ ಹೆಂಗಸು. ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆ. ನನಗೆ ಆಗಷ್ಟೇ ನಲವತ್ತು ದಾಟಿತ್ತು. ನಾವಿದ್ದದ್ದು ಎನ್.ಆರ್. ಕಾಲೋನಿಯಲ್ಲಿ, ಮಹಡಿಯ ಮೇಲೆ ಬಟ್ಟೆ ಒಣಹಾಕುವ ಒಂದು ಬಾಡಿಗೆ ಮನೆಯಲ್ಲಿ. ಆ ಮಹಡಿ ಮೆಟ್ಟಿಲನ್ನು ನಾನು ಎರಡು ಕಂತಿನಲ್ಲಿ ಹತ್ತುತ್ತಿದ್ದೆ. ನಡುವಿನ ತಿರುವಿನಲ್ಲಿ ನಿಂತು, ಮಳೆ ಬರುತ್ತದೋ ಏನೋ ಎಂದು ಆಕಾಶ ನೋಡುವ ನೆಪ ಮಾಡುತ್ತಿದ್ದೆ. ಬೇಸಿಗೆಯಲ್ಲೂ ಮಳೆಯ ಬಗ್ಗೆ ನನಗಿದ್ದ ಕಾಳಜಿಯನ್ನು ಕಂಡು ನಮ್ಮ ಯಜಮಾನರು, "ಹವಾಮಾನ ಇಲಾಖೇಲಿ ಕೆಲಸ ಖಾಲಿ ಇದ್ಯಂತೆ, ಅರ್ಜಿ ಹಾಕ್ತೀಯಾ?" ಎನ್ನುತ್ತಿದ್ದರು. ಮಲಗಿದರೆ ನಿದ್ದೆ ಇಲ್ಲ. ಇದ್ದಕ್ಕಿದ್ದಂತೆ ಒಳಗೆ ಒಲೆ ಹೊತ್ತಿಸಿದ ಹಾಗೆ ಮೈ ಕಾದು, ಬೆವರು ಕಿತ್ತುಕೊಂಡು, ಮರುಗಳಿಗೆಗೆ ಚಳಿ. ಮುಟ್ಟು ನಿಲ್ಲುವ ಕಾಲದಲ್ಲಿ ಹೀಗೆಲ್ಲ ಆಗುತ್ತದೆಂದು ನಮಗೆ ಯಾರು ಹೇಳಿಕೊಟ್ಟಿದ್ದರು? ಕೇಳಿದರೆ ದೊಡ್ಡವರು, "ವಯಸ್ಸು ಕಣೇ" ಎನ್ನುತ್ತಿದ್ದರು. ಡಾಕ್ಟರು, ನಡೆಯಿರಿ ಎಂದರು. ನಡೆದೆ. ಗಾಂಧಿ ಬಜಾರಿನವರೆಗೆ ನಡೆದು ಹೋಗಿ, ಹೋದ ತಪ್ಪಿಗೆ ಖಾರಾಬೂಂದಿ ಕಟ್ಟಿಸಿಕೊಂಡು, ಅದರಲ್ಲಿ ಅರ್ಧವನ್ನು ದಾರಿಯಲ್ಲೇ ಮುಗಿಸಿ ಬರುತ್ತಿದ್ದೆ. ಡಾಕ್ಟರಿಗೆ ನನ್ನ ತೂಕ ಏಕೆ ಏರುತ್ತಿದೆಯೆಂದು ತಿಳಿಯದೆ ಹೋಯಿತು.

ನನಗಿಂತ ಅಕ್ಕನ ಸ್ಥಿತಿ ಕಷ್ಟದ್ದು. ಅಕ್ಕ ಅಂದರೆ ನಾಗರತ್ನ, ನನಗಿಂತ ನಾಲ್ಕು ವರ್ಷ ದೊಡ್ಡವಳು, ಎಲ್ಲರ ಬಾಯಲ್ಲಿ ನಾಗು. ಭಾವ ಕಾಮಾಲೆಯಾಗಿ ತೀರಿಕೊಂಡು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಮಕ್ಕಳಿಲ್ಲ. ಭಾವನ ಅಣ್ಣ ಶ್ರೀಕಂಠಯ್ಯನವರು ಅವಳನ್ನು ತಮ್ಮ ಮನೆಗೆ ಕರೆದುಕೊಂಡು ಬಂದರು. ಆ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ. ಶ್ರೀಕಂಠಯ್ಯನವರು ಕೆಟ್ಟವರಲ್ಲ. ಯಾರನ್ನೂ ನೇರವಾಗಿ ಏನೂ ಅನ್ನುತ್ತಿರಲಿಲ್ಲ. ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದರು. "ಮನೇಲಿರೋರು ಮನೇಲಿದ್ರೆ ಚೆಂದ" ಎಂದು ಅವರು ಕ್ಯಾಲೆಂಡರಿನ ಕಡೆ ನೋಡಿಕೊಂಡು ಅಂದರೆ, ಅಕ್ಕ ಆ ದಿನ ಗೇಟು ದಾಟುತ್ತಿರಲಿಲ್ಲ. ಅವರ ಸೊಸೆ ಕಚೇರಿಗೆ ಹೋಗುವವಳು. ಹೀಗಾಗಿ ಅಡಿಗೆಮನೆಯೆಲ್ಲ ಅಕ್ಕನ ಪಾಲಿಗೆ. ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ. ಅಷ್ಟು ಓಡಾಡಿದರೂ ಮೈ ಊದಿಕೊಳ್ಳುತ್ತಲೇ ಹೋಯಿತು. ಬಿ.ಪಿ. ಇದೆ ಎಂದು ಡಾಕ್ಟರು ದಿನಾ ನುಂಗುವ ಮಾತ್ರೆ ಬರೆದುಕೊಟ್ಟರು. ನಮ್ಮ ಮನೆಗೆ ಬಂದರೆ ಜಗಲಿಯ ಮೇಲೆ ಕೂತು, ಉಸಿರು ತಹಬಂದಿಗೆ ಬಂದ ಮೇಲೆ ಮಾತು.

ಈ ಅಕ್ಕನನ್ನು ನೀವು ಚಾಮರಾಜಪೇಟೆಯಲ್ಲಿ ನೋಡಬೇಕಿತ್ತು. ನಾವು ಹುಟ್ಟಿ ಬೆಳೆದದ್ದು ಅಲ್ಲಿ, ಆರು ಮನೆಗೆ ಒಂದೇ ನಲ್ಲಿಯಿದ್ದ ಒಂದು ವಠಾರದಲ್ಲಿ. ಅಪ್ಪನ ಹಳೇ ಪಂಚೆ ಹರಿದು, ಸುತ್ತಿ ಸುತ್ತಿ, ಹುರಿ ಹಾಕಿ ಬಿಗಿದ ಚಿಂದಿ ಚೆಂಡು ನಮ್ಮದು. ಮಳೆಯಲ್ಲಿ ನೆನೆದರೆ ಅದು ಚೆಂಡಲ್ಲ, ಗುಂಡುಕಲ್ಲು. ಲಗೋರಿ ಆಡುವಾಗ ಅಕ್ಕ ಎದುರು ಪಕ್ಷದಲ್ಲಿದ್ದರೆ ಗಂಡುಹುಡುಗರೂ ಬೆನ್ನು ಕೊಡಲು ಹೆದರುತ್ತಿದ್ದರು. ಅವಳ ಗುರಿ ಅಂಥದ್ದು. ನನಗೋ, ಅಷ್ಟು ದೊಡ್ಡ ಅಂಗಳದಲ್ಲಿ ನಾನು ಎಸೆದ ಚೆಂಡು ಯಾವಾಗಲೂ ಯಾರದೋ ಮನೆಯ ಸಾರಿನ ಪಾತ್ರೆಯ ಕಡೆಗೇ ಹೋಗುತ್ತಿತ್ತು. ಹದಿಮೂರಕ್ಕೆ ಅಕ್ಕ ದೊಡ್ಡವಳಾದಳು. ಯಾರೂ ಗದರಲಿಲ್ಲ, ಯಾರೂ ಹೊಡೆಯಲಿಲ್ಲ. "ಇನ್ನು ಸಾಕು ಮಗು" ಎಂದು ಅಮ್ಮ ತಲೆ ಸವರಿ ಹೇಳಿದಳು, ಅಷ್ಟೇ. ಮಾರನೆಯ ದಿನದಿಂದ ಅಕ್ಕ ಬಾಗಿಲ ಒಳಗೆ ನಿಂತು ನಮ್ಮ ಆಟ ನೋಡತೊಡಗಿದಳು. ಹದಿನಾರಕ್ಕೆ ಮದುವೆ.

ಇನ್ನು ಆಟದ ಮಾತು. ನಮ್ಮ ಬೀದಿಯಲ್ಲೊಂದು ಮಹಿಳಾ ಸಮಾಜ ಇತ್ತು. ಮಂಗಳವಾರ ಭಜನೆ, ಶುಕ್ರವಾರ ಲಲಿತಾ ಸಹಸ್ರನಾಮ, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ. ಅದಕ್ಕೆ ಒಬ್ಬ ಹೊಸ ಸದಸ್ಯೆ ಬಂದರು, ಲೀಲಾವತಿ ಅಂತ. ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರು. ಮದುವೆಯಾಗಿರಲಿಲ್ಲ. ಸಣಕಲು ಮೈ, ಗಂಡಸರ ಹಾಗೆ ಬೀಸು ನಡಿಗೆ, ಕೊರಳಲ್ಲಿ ಸರದ ಜಾಗದಲ್ಲಿ ಒಂದು ಸೀಟಿ. ನಾಲ್ಕು ಭಜನೆ ಸಹಿಸಿಕೊಂಡು, ಐದನೆಯದಕ್ಕೆ ಎದ್ದು ನಿಂತು, "ನೋಡಿ, ಇಲ್ಲಿ ಕೂತಿರೋರಲ್ಲಿ ನೆಲದಿಂದ ಏಳೋವಾಗ ಗೋಡೆ ಹಿಡ್ಕೊಳ್ದೇ ಇರೋರು ಯಾರು, ಕೈ ಎತ್ತಿ" ಎಂದರು. ಕೈ ಯಾರೂ ಎತ್ತಲಿಲ್ಲ. ಸಮಾಜದ ಪಕ್ಕದಲ್ಲೇ ಒಂದು ಖಾಲಿ ಸೈಟು. ಸೈಟಿನ ಮಾಲೀಕರು ಬೊಂಬಾಯಿಯಲ್ಲಿ. ತುಂಬೆ ಗಿಡ, ಮುರಿದ ಹೆಂಚು, ಒಂದೆರಡು ಕತ್ತೆ. ಒಂದು ಭಾನುವಾರ ಆಕೆ ಅದನ್ನು ಗುಡಿಸಿ, ಕತ್ತೆಗಳಿಗೆ ದಾರಿ ತೋರಿಸಿ, ಎರಡು ಗಳ ನೆಟ್ಟು, ಶಾಲೆಯ ಹಳೇ ಬಲೆಯೊಂದನ್ನು ಕಟ್ಟಿದರು.

ತ್ರೋಬಾಲ್ ಅಂಥ ಕಷ್ಟದ ಆಟವೇನಲ್ಲ. ಬಲೆಯ ಆಚೆಯಿಂದ ಬಂದ ಚೆಂಡನ್ನು ಎರಡು ಕೈಯಲ್ಲಿ ಹಿಡಿಯಬೇಕು, ಹಿಡಿದುಕೊಂಡು ನಿಲ್ಲದೆ ತಕ್ಷಣ ಆಚೆಗೆ ಎಸೆಯಬೇಕು, ನೆಲಕ್ಕೆ ಬೀಳಿಸಬಾರದು. "ಹಪ್ಪಳ ಒತ್ತೋ ಕೈಗೆ ಇದೆಲ್ಲ ಯಾವ ಲೆಕ್ಕ ಕಣ್ರೀ" ಎಂದು ಲೀಲಾವತಿ ಧೈರ್ಯ ಹೇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಜಾರದ ಹಾಗೆ ಆ ದಪ್ಪ ಪಿನ್ನುಗಳನ್ನು ಚುಚ್ಚಿ ನಾವು ಸಿದ್ಧರಾದೆವು. ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಸೀರೆಯ ಕೆಳಗೆ ಶೂ ಹಾಕಿಕೊಂಡು ಬೀದಿಯಲ್ಲಿ ನಡೆಯಲು ನಾಚಿಕೆಯಾಗಿ ನಾನು ಅದನ್ನು ತರಕಾರಿ ಚೀಲದಲ್ಲಿಟ್ಟು, ಮೇಲೆ ಒಂದು ಕಟ್ಟು ಸೊಪ್ಪು ಹೊದಿಸಿ ಒಯ್ಯುತ್ತಿದ್ದೆ. ದಿನಾ ಅದೇ ಬಾಡಿದ ಸೊಪ್ಪು. ಮೊದಲ ದಿನ ಚೆಂಡು ನನ್ನ ಮೂಗಿಗೆ ಬಡಿಯಿತು. ಎರಡನೆಯ ದಿನ ಕಿರುಬೆರಳು ಬದನೆಕಾಯಿಯಾಯಿತು. ನಮ್ಮಲ್ಲಿ ಹುಟ್ಟಾ ಆಟಗಾರ್ತಿ ಅಂದರೆ ಗೌರಮ್ಮ, ಸೌದೆ ಡಿಪೋದವರ ಹೆಂಡತಿ, ಕನಕಪುರದ ಕಡೆಯವರು, ಎತ್ತರದ ಆಳು. ಆಕೆ ಎಸೆದ ಚೆಂಡು ಬಲೆ ದಾಟಿ, ಗೆರೆ ದಾಟಿ, ಸಮಾಜದ ಕಾಂಪೌಂಡನ್ನೂ ದಾಟುತ್ತಿತ್ತು. "ನಮ್ಮೂರಲ್ಲಿ ಮೆದೆ ಮೇಲಕ್ಕೆ ಹುಲ್ಲು ಎಸೀತಿದ್ದೆ ಕಣಕ್ಕ, ಅದೇ ಅಭ್ಯಾಸ" ಎಂದು ಆಕೆ ಸಂಕೋಚ ಪಡುತ್ತಿದ್ದರು.

ಒಬ್ಬಳೇ ಹೋಗಲು ಮುಜುಗರವಾಗಿ ಅಕ್ಕನನ್ನು ಜೊತೆಗೆ ಎಳೆದುಕೊಂಡು ಹೋಗತೊಡಗಿದೆ. ಶ್ರೀಕಂಠಯ್ಯನವರಿಗೆ ಭಜನೆ ಎಂದು ಹೇಳಿ ಬರುತ್ತಿದ್ದಳು. ಸೈಟಿನ ಮೂಲೆಯ ಕಲ್ಲಿನ ಮೇಲೆ ಕೂತು ನನ್ನ ಚೀಲ ಕಾಯುತ್ತಿದ್ದಳು. ಹೀಗೇ ಕೆಲವು ವಾರ. ಒಂದು ಸಂಜೆ ಒಬ್ಬಾಕೆಯ ಮನೆಯಲ್ಲಿ ತಿಥಿ, ಆಟಕ್ಕೆ ಜನ ಸಾಲದು. ಲೀಲಾವತಿ ನೇರ ಅಕ್ಕನ ಮುಂದೆ ಹೋಗಿ ನಿಂತರು.

"ಬನ್ನಿ. ಸುಮ್ನೆ ಬಂದು ನಿಂತ್ಕೊಳ್ಳಿ, ಸಾಕು."

"ನಾನಾ? ಬೇಡಪ್ಪ. ನನ್ನಂಥೋರು ಆಡ್ತಾರೇನ್ರೀ? ಜನ ನೋಡಿದ್ರೆ ಏನಂತಾರೆ?"

"ಇಲ್ಲಿ ಜನ ಯಾರಿದಾರೆ, ನಾವೇ ತಾನೇ."

ಅಕ್ಕ ನನ್ನ ಮುಖ ನೋಡಿದಳು. ನಾನು ಪಿನ್ನು ಬಿಚ್ಚಿಕೊಟ್ಟೆ. ಹಿಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಬಂದು ನಿಂತಳು, ಪೂಜೆಗೆ ನಿಂತ ಹಾಗೆ. ಮೊದಲನೆಯ ಚೆಂಡು ಎದೆಗೆ ಬಡಿದು ಬಿತ್ತು. ಅಕ್ಕ ಅದನ್ನು ನೋಡುತ್ತ ನಿಂತಳು. ಎರಡನೆಯದು ಗೌರಮ್ಮ ಎಸೆದದ್ದು, ತಲೆಯ ಮೇಲಿಂದ ಹಾರಿಹೋಗುವಂಥದ್ದು. ಅಕ್ಕನ ಕೈ ಎರಡೂ ಮೇಲಕ್ಕೆ ಹೋದವು, ಹೆಜ್ಜೆ ಹಿಂದೆ ಸರಿಯಿತು, ಚೆಂಡು ಅವಳ ಅಂಗೈಯಲ್ಲಿ ಸದ್ದಿಲ್ಲದೆ ಕೂತಿತು. ಮರುಕ್ಷಣ ಅದು ಬಲೆಯ ಆಚೆ, ಖಾಲಿ ಮೂಲೆಯಲ್ಲಿ, ಯಾರ ಕೈಗೂ ಸಿಗದ ಜಾಗದಲ್ಲಿ ಬಿದ್ದಿತ್ತು. ಲೀಲಾವತಿಯವರು ಸೀಟಿ ಊದುವುದನ್ನೂ ಮರೆತರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೆಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಕಣ್ಣು ತುಂಬಿತ್ತು.

ಆಮೇಲಿನ ಒಂದೂವರೆ ವರ್ಷದ ಬಗ್ಗೆ ನಾನು ಎಷ್ಟು ಬೇಕಾದರೂ ಮಾತಾಡಬಲ್ಲೆ. ನಿದ್ದೆ ವಾಪಸ್ಸು ಬಂತು. ಎಲ್ಲಕ್ಕಿಂತ ಮೊದಲು ಬಂದದ್ದು ಅದು. ದಿಂಬಿಗೆ ತಲೆ ಕೊಟ್ಟದ್ದೇ ಗೊತ್ತು. ಮೈ ಕಾಯುವುದು ನಿಂತಿತೆಂದು ಸುಳ್ಳು ಹೇಳಲಾರೆ, ಆದರೆ ಕಾದರೆ ಕಾಯಲಿ ಎನ್ನುವ ಧೈರ್ಯ ಬಂತು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಆಕಾಶ ನೋಡುವುದನ್ನು ಬಿಟ್ಟೆನೆಂಬುದು ನನಗೇ ತಿಳಿಯಲಿಲ್ಲ, ಯಜಮಾನರು ಹೇಳಿದರು. ತೂಕ ಮಾತ್ರ ಇಳಿಯಲಿಲ್ಲ. ಆಟ ಮುಗಿದ ಮೇಲೆ ಹಸಿವಾಗುತ್ತಿತ್ತು, ಅದಕ್ಕೆ ನಾನೇನು ಮಾಡಲಿ? ನಡುವೆ ನೀರು ಕುಡಿಯಲು ಕೂತಾಗ ಮಾತು. ಯಾರಿಗೆ ಮುಟ್ಟು ಎಷ್ಟು ತಿಂಗಳಿಂದ ನಿಂತಿದೆ, ಯಾರಿಗೆ ಸೀನಿದರೆ ಸೀರೆ ಒದ್ದೆಯಾಗುತ್ತದೆ, ಯಾರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ. ಗಂಡನಿಗೂ ಡಾಕ್ಟರಿಗೂ ಹೇಳದ ಮಾತೆಲ್ಲ ಆ ತುಂಬೆ ಗಿಡದ ಪಕ್ಕದಲ್ಲಿ ಹೊರಬಿದ್ದವು. ನನ್ನೊಬ್ಬಳ ಮೈಯೇ ನನಗೆ ಎರಡು ಬಗೆದಿದೆ ಎಂದುಕೊಂಡಿದ್ದವಳಿಗೆ, ಎಲ್ಲರ ಮನೆಯ ದೋಸೆಯೂ ತೂತೇ ಎಂದು ತಿಳಿದದ್ದೇ ಅರ್ಧ ಔಷಧಿಯಾಯಿತು.

ಅಕ್ಕ ತಿಂಗಳು ತಿಂಗಳಿಗೆ ಬದಲಾದಳು. ಮುಖದ ಊತ ಇಳಿಯಿತು. ಬಸವನಗುಡಿಯ ಬಂಡೆಗಳ ಮೇಲೆ ನನ್ನ ಮುಂದೆ ಮುಂದೆ ಹತ್ತಿ ಹೋಗಿ, ಹಿಂತಿರುಗಿ ನಿಂತು, "ಬಾರೇ ಪದ್ದು, ನೀನ್ಯಾಕೆ ಮುದುಕಿ ಥರ" ಎನ್ನುತ್ತಿದ್ದಳು. ಡಾಕ್ಟರು ಬಿ.ಪಿ. ನೋಡಿ, "ಏನ್ ಮಾಡ್ತಿದೀರಿ ನಾಗರತ್ನಮ್ಮ? ಬಹಳ ಚೆನ್ನಾಗಿದೆ" ಎಂದರು. ಚೆಂಡು ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಹೀಗೇ ಓಡಾಡ್ತೀನಿ" ಎಂದಳು.

ಒಂದು ಸಲ ಮಲ್ಲೇಶ್ವರದ ಹೆಂಗಸರ ಜೊತೆ ಪಂದ್ಯವಾಯಿತು. ಬಸ್ಸಿನಲ್ಲಿ ಹೋದೆವು. ಅವರು ಎಲ್ಲರೂ ಒಂದೇ ಬಣ್ಣದ ಸೀರೆ ಉಟ್ಟಿದ್ದರು. ಅದನ್ನು ನೋಡಿಯೇ ನಾವು ಅರ್ಧ ಸೋತೆವು. ಉಳಿದರ್ಧವನ್ನು ಅವರು ಸೋಲಿಸಿದರು. ಅಕ್ಕ ಹಿಡಿಯದೆ ಬಿಟ್ಟ ಚೆಂಡು ಮಾತ್ರ ಒಂದೂ ಇಲ್ಲ. ಆಟ ಮುಗಿದ ಮೇಲೆ ಸಂಪಿಗೆ ರಸ್ತೆಯ ಹೋಟೆಲೊಂದಕ್ಕೆ ನುಗ್ಗಿದೆವು. ಭಾವ ಹೋದ ಮೇಲೆ ಅಕ್ಕ ಹೋಟೆಲಿನ ಮೆಟ್ಟಿಲು ಹತ್ತಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಕೂತಳು. ಮಸಾಲೆ ದೋಸೆ ಬಂದಾಗ ಸ್ವಲ್ಪ ಹೊತ್ತು ಅದನ್ನೇ ನೋಡಿ, ಆಮೇಲೆ ಒಂದು ತುಣುಕೂ ಬಿಡದೆ ತಿಂದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ತನ್ನ ಅಂಗೈ ಎರಡನ್ನೂ ಮಡಿಲಲ್ಲಿ ಮಲಗಿಸಿಕೊಂಡು ಹೇಳಿದಳು:

"ಇಷ್ಟು ವರ್ಷ ಈ ಕೈಲಿ ಬರೀ ಪಾತ್ರೆ ಹಿಡಿದೆ ಕಣೇ ಪದ್ದು."

ಅವಳ ಕೈ ಮೇಲೆ ಕೈಯಿಟ್ಟೆ. ಬಿಸಿಯಾಗಿತ್ತು, ಕೆಂಪಾಗಿತ್ತು.

ಅದಾಗಿ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ, ಶ್ರೀಕಂಠಯ್ಯನವರ ಮನೆಯ ಬಚ್ಚಲಿನಲ್ಲಿ ಹಂಡೆಗೆ ಉರಿ ಹಾಕುತ್ತಿದ್ದ ಅಕ್ಕ ಹಾಗೇ ಪಕ್ಕಕ್ಕೆ ವಾಲಿದಳು. ಸೊಸೆ ಓಡಿಬಂದು ಕರೆದಾಗ ಕಣ್ಣು ತೆರೆದೇ ಇತ್ತು, ಮಾತಿಲ್ಲ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಆಸ್ಪತ್ರೆಯಲ್ಲಿ ಲಕ್ವ ಎಂದರು. ಮೂರು ವಾರ ಇಟ್ಟುಕೊಂಡು ಮನೆಗೆ ಕಳಿಸಿದರು. ಬಾಯಿ ಒಂದು ಕಡೆಗೆ ಎಳೆದಿತ್ತು. ನಮ್ಮ ಗುರುತು ಹತ್ತುತ್ತಿತ್ತು, ಹೇಳಿದ್ದು ತಿಳಿಯುತ್ತಿತ್ತು, ಆದರೆ ಮಾತು ಪೂರಾ ಹೋಗಿತ್ತು.

ಬೀದಿಗೆ ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಂಡ ಸತ್ತವಳು ಚೆಂಡಾಡಿದಳು, ಅದಕ್ಕೇ ಹೀಗಾಯಿತು. ಆ ವಯಸ್ಸಿನಲ್ಲಿ ಕುಣಿದರೆ ನರ ತುಂಡಾಗದೆ ಇರುತ್ತದೆಯೇ? ನಲ್ಲಿಯ ಹತ್ತಿರ, ಹಾಲಿನ ಬೂತಿನ ಹತ್ತಿರ ಇದೇ. ಒಬ್ಬೊಬ್ಬರ ಮನೆಯಲ್ಲೂ ಗಂಡಂದಿರು, ಅತ್ತೆಯರು ಬೇಡವೆಂದರು. ನಮ್ಮ ಯಜಮಾನರೂ, ಅಷ್ಟು ನಗಿಸುವ ಮನುಷ್ಯ, ತಟ್ಟೆಯ ಕಡೆ ನೋಡಿಕೊಂಡು, "ಸ್ವಲ್ಪ ದಿನ ಬೇಡ ಕಣೇ. ನಂಗೆ ಹೆದರಿಕೆ ಆಗತ್ತೆ" ಎಂದರು. ಹೆದರಿಕೆ ಎಂದ ಮೇಲೆ ಜಗಳವಾಡುವುದಾದರೂ ಹೇಗೆ? ಲೀಲಾವತಿಯವರು ಬಲೆ ಬಿಚ್ಚಿ ಸುತ್ತಿಟ್ಟರು. ಸೈಟಿಗೆ ಕತ್ತೆಗಳು ಹಿಂದಿರುಗಿದವು.

ನಿಜ ಬೇರೆಯೇ ಇತ್ತು. ಅಕ್ಕನ ಬಟ್ಟೆ ಎತ್ತಿಡಲೆಂದು ಟ್ರಂಕು ತೆಗೆದಾಗ ಸೀರೆಗಳ ಕೆಳಗೆ ಬಿ.ಪಿ. ಮಾತ್ರೆಗಳು ಸಿಕ್ಕವು, ಒಡೆಯದ ಹಾಳೆಗಳು. ಡಾಕ್ಟರು ಚೆನ್ನಾಗಿದೆ ಎಂದ ಮೇಲೆ ಅವಳು ನುಂಗುವುದನ್ನೇ ನಿಲ್ಲಿಸಿದ್ದಳು. ಮೈ ಹಗುರಾಗಿದೆ, ಉಸಿರು ಸಲೀಸಾಗಿದೆ, ಇನ್ನೇಕೆ ಮಾತ್ರೆ ಎಂದುಕೊಂಡಿರಬೇಕು. ಡಾಕ್ಟರನ್ನು ಕೇಳಿದೆ. "ಆಟ ಒಳ್ಳೇದೇ ಮಾಡಿದೆ. ಆದ್ರೆ ಆಟ ಇದೆ ಅಂತ ಮಾತ್ರೆ ಬಿಡೋ ಹಾಗಿರ್ಲಿಲ್ಲಮ್ಮ. ಎರಡೂ ಬೇಕಿತ್ತು" ಎಂದರು. ಈ ಮಾತನ್ನು ನಾನು ಬೀದಿಗೆಲ್ಲ ಹೇಳಿದೆ. ಕೇಳಿಸಿಕೊಂಡವರು ತಲೆಯಾಡಿಸಿ, "ಆದರೂ ಚೆಂಡು ಆಡಬಾರದಿತ್ತು" ಎಂದರು.

ರೋಗಿಯನ್ನು ನೋಡಲು ಹೋಗುವುದನ್ನು ಮಾತ್ರ ಯಾವ ಗಂಡನೂ ಬೇಡವೆನ್ನುವಂತಿಲ್ಲ. ಮೊದಲು ಗೌರಮ್ಮ ಬಂದರು, ಆಮೇಲೆ ಮಿಕ್ಕವರು, ಸಂಜೆಯ ಅದೇ ಹೊತ್ತಿಗೆ. ಶ್ರೀಕಂಠಯ್ಯನವರ ನಡುಮನೆಯಲ್ಲಿ ಅಕ್ಕನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದೆ. ಹೆಂಗಸರು ಸುತ್ತ ಕೂತು, ಕಿತ್ತಳೆ ಸುಲಿದರು. ಮಾರನೆಯ ದಿನ ಲೀಲಾವತಿ ಒಂದು ಚೀಲ ತಂದರು. ಮೇಲೆ ಮೂಸಂಬಿ, ಕೆಳಗೆ ಚೆಂಡು.

"ಡಾಕ್ಟರು ಎಡಗೈ ಆಡಿಸ್ತಾ ಇರ್ಬೇಕು, ಬಲಗೈಯನ್ನೂ ಎಬ್ಬಿಸ್ಬೇಕು ಅಂದಿದಾರೆ ಅಲ್ವಾ? ಎಲ್ರೂ ಗುಂಡಗೆ ಕೂತ್ಕೊಳ್ಳಿ" ಎಂದರು.

ಕೂತೆವು. ಚೆಂಡನ್ನು ನೆಲದ ಮೇಲೆ ಉರುಳಿಸಿದರು. ಅದು ಅಕ್ಕನ ಮಡಿಲಿಗೆ ಬಂದು ನಿಂತಿತು. ಅವಳು ಎಡಗೈಯಿಂದ ಅದನ್ನು ಮುಟ್ಟಿದಳು. ಬಹಳ ಹೊತ್ತಿನ ಮೇಲೆ ಬೆರಳಿನಿಂದ ನೂಕಿದಳು. ಅದು ಎರಡು ಗೇಣು ಹೋಯಿತು. ಗೌರಮ್ಮ ಅದನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದರು. ಅವರು ಅಲ್ಲಿ ನಿಂತು ಮುಖ ತೊಳೆದುಕೊಂಡ ಸದ್ದು ನಮಗೆಲ್ಲ ಕೇಳಿಸಿತು.

ದಿನಾ ನಡೆಯಿತು ಇದು. ಉರುಳಿಸುವುದರಿಂದ ಮೆಲ್ಲಗೆ ಎಸೆಯುವುದಕ್ಕೆ ಬಂದೆವು. ಕೂತು ಆಡಿದರೂ ಸೊಂಟ ತಿರುಗುತ್ತಿತ್ತು, ತೋಳು ಚಾಚುತ್ತಿತ್ತು, ನಮಗೇ ಬೆವರು ಬರುತ್ತಿತ್ತು. ಶ್ರೀಕಂಠಯ್ಯನವರು ಮೊದಮೊದಲು ಪೇಪರು ಹಿಡಿದು ಹೊರಗಿನ ಜಗಲಿಗೆ ಹೋಗಿಬಿಡುತ್ತಿದ್ದರು. ಒಂದು ದಿನ ಚೆಂಡು ಹೊಸ್ತಿಲು ದಾಟಿ ಅವರ ಕುರ್ಚಿಯ ಕೆಳಗೆ ಹೋಯಿತು. ಅವರು ಪೇಪರಿನಿಂದ ಕಣ್ಣು ತೆಗೆಯದೆ ಊರುಗೋಲಿನಿಂದ ಅದನ್ನು ಒಳಕ್ಕೆ ತಳ್ಳಿದರು. "ಬಾಗಿಲು ಓರೆ ಮಾಡಿಕೊಂಡ್ರೆ ಹೊರಗೆ ಬರಲ್ಲ" ಎಂದು ಕಂಬಕ್ಕೆ ಹೇಳಿದರು.

ಆಟದಲ್ಲಿ ಚೆಂಡು ಇಬ್ಬರ ನಡುವೆ ಬಂದರೆ, ಕೈಗೆ ಕೈ ತಾಗದ ಹಾಗೆ, ಹಿಡಿಯುವವಳು ಮೊದಲೇ "ನಂದು" ಎಂದು ಕೂಗಬೇಕು. ಅದು ಲೀಲಾವತಿಯವರು ಕಲಿಸಿದ ಪದ್ಧತಿ. ಒಂದು ಸಂಜೆ ಅವರು ಎಸೆದ ಚೆಂಡು ನನಗೂ ಅಕ್ಕನಿಗೂ ನಡುವೆ ಬಂತು. ನಾನು ಕೈ ಚಾಚಿದೆ.

"ನಂದು" ಎಂದಳು ಅಕ್ಕ.

ದನಿ ಒಡಕಲು, ಉಚ್ಚಾರ ತೊದಲು. ಆದರೆ ಅದೇ ಮಾತು, ಅನುಮಾನವಿಲ್ಲ. ಎಡಗೈ ಚೆಂಡನ್ನು ಎದೆಗೆ ಒತ್ತಿ ಹಿಡಿದಿತ್ತು. ಐದು ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಇನ್ನೊಂದು ಬರುತ್ತದೆ, ಮತ್ತೊಂದು ಬರುತ್ತದೆ ಎಂದು ಕಾದೆವು. ಬರಲಿಲ್ಲ. ಕಾಫಿ ಬೇಕೇ ಎಂದರೂ "ನಂದು". ಕಿಟಕಿ ತೆಗೆಯಬೇಕಾದರೂ "ನಂದು". ನಾನು ಮನೆಗೆ ಹೊರಟು ನಿಂತರೆ ನನ್ನ ಸೆರಗು ಹಿಡಿದು "ನಂದು". ಮೊದಮೊದಲು ನಕ್ಕೆವು, ಅವಳೂ ನಕ್ಕಳು. ಆಮೇಲೆ ನಗು ಬರದಾಯಿತು. ಆಟದಲ್ಲಿ ಬಿಟ್ಟರೆ, ಹುಟ್ಟಿದಾಗಿನಿಂದ ಅವಳು ಆ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಸೋದರತ್ತೆಯ ಸೀರೆ ಕತ್ತರಿಸಿ ಹೊಲಿದ ಲಂಗ ಉಟ್ಟು ಬೆಳೆದಳು; ಗಂಡನ ಮನೆ ಗಂಡನದು; ಆಮೇಲಿನದು ಶ್ರೀಕಂಠಯ್ಯನವರದು. ಈಗ ಬೇರೆ ಮಾತೇ ಇಲ್ಲ. ಕೆಲವು ಸಲ ಬೇರೆ ಏನನ್ನೋ ಹೇಳಬೇಕಾಗಿರುತ್ತಿತ್ತು ಅವಳಿಗೆ. ಅಮ್ಮನ ವಿಷಯವೋ, ಭಾವನ ವಿಷಯವೋ, ಯಾರಿಗೆ ಗೊತ್ತು. ತುಟಿ ಹೊಂದಿಸಿ, ಕಣ್ಣು ಕಿರಿದು ಮಾಡಿ ಬಹಳ ಪ್ರಯಾಸ ಪಟ್ಟು ಬಾಯಿ ತೆರೆದರೆ ಅದೇ ಬರುತ್ತಿತ್ತು. ಆಗ ಸಿಟ್ಟಿನಿಂದ ಎಡಗೈಯಲ್ಲಿ ತೊಡೆ ಹೊಡೆದುಕೊಂಡು ಅಳುತ್ತಿದ್ದಳು. ನಾನು ಒಂದೊಂದೇ ಕೇಳುತ್ತಿದ್ದೆ. ಇದಾ ಅಕ್ಕ? ಅದಾ ಅಕ್ಕ? ಅಲ್ಲ, ಅಲ್ಲ ಎಂದು ತಲೆಯಾಡಿಸಿ, ಕೊನೆಗೆ ಸಾಕೆಂದು ಮುಖ ತಿರುಗಿಸಿಬಿಡುತ್ತಿದ್ದಳು. ಅವಳು ಹೇಳಬೇಕೆಂದಿದ್ದದ್ದು ಏನೆಂದು ನನಗೆ ಇವತ್ತಿಗೂ ತಿಳಿಯದು.

ಒಂದು ವರ್ಷ ಕಳೆದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಮತ್ತೆ ಆಟಕ್ಕೆ ಇಳಿದರು. ಗೌರಮ್ಮನ ಯಜಮಾನರು ಡಿಪೋದ ಹಿಂದೆ ಸೌದೆ ಸರಿಸಿ ಜಾಗ ಮಾಡಿಕೊಟ್ಟರು. ನಾನೂ ಹೋದೆ. ನಮ್ಮ ಯಜಮಾನರು ಗೇಟಿನವರೆಗೆ ಬಂದು, "ಮಾತ್ರೆ ನುಂಗಿದ್ಯಾ?" ಎಂದು ಕೇಳಿದರು. ನನಗೆ ಯಾವ ಮಾತ್ರೆಯೂ ಇರಲಿಲ್ಲ. ನುಂಗಿದೆ ಎಂದೆ, ಅವರ ಸಮಾಧಾನಕ್ಕೆ. ಅಲ್ಲಿ ಆಡಿ, ಅದೇ ಬೆವರಿನಲ್ಲಿ ಅಕ್ಕನ ನಡುಮನೆಗೆ ಬಂದು ಕೂತು ಇನ್ನೊಂದು ಆಟ. ಅಕ್ಕ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾದಳು. ಬಲಗೈ ಏಳಲಿಲ್ಲ. ಹೀಗೆ ಎಂಬತ್ತರ ದಶಕದ ಮೊದಲ ಕೆಲವು ವರ್ಷಗಳು ಸರಿದವು.

ಆಷಾಢದ ಒಂದು ಬೆಳಿಗ್ಗೆ ಲಕ್ವ ಎರಡನೆಯ ಸಲ ಬಂತು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಹೋಗಿಬಿಟ್ಟಳು. ನಾನು ಪಕ್ಕದಲ್ಲೇ ಇದ್ದೆ. ಕೊನೆಗೆ ಯಾವ ಮಾತನ್ನೂ ಆಡಲಿಲ್ಲ.

ಹೇಳಿ ಕಳಿಸುವ ಮೊದಲೇ ನಮ್ಮ ಹೆಂಗಸರೆಲ್ಲ ಬಂದರು. ಜಗಲಿಯ ಮೇಲೆ ಗಂಡಸರು ಸೇರಿದ್ದರು. ಸ್ನಾನ ಮಾಡಿಸಬೇಕು, ನಡುಮನೆಯಿಂದ ಹಿತ್ತಲಿನ ಕಲ್ಲಿನವರೆಗೆ ಒಯ್ಯಬೇಕು. ಮಲಗಿದ್ದ ವರ್ಷಗಳಲ್ಲಿ ಅಕ್ಕನ ಮೈ ಮತ್ತೆ ಭಾರವಾಗಿತ್ತು. ಶ್ರೀಕಂಠಯ್ಯನವರು ಬಾಗಿಲಲ್ಲಿ ನಿಂತರು. ಆ ದಿನ ಗೋಡೆಗೆ ಹೇಳಲಿಲ್ಲ, ನಮ್ಮ ಮುಖ ನೋಡಿಯೇ ಹೇಳಿದರು:

"ನಾಲ್ಕು ಜನ ಗಂಡಸರನ್ನ ಒಳಗೆ ಕಳಿಸ್ತೀನಮ್ಮ. ನಿಮ್ಮ ಕೈಲಾಗಲ್ಲ."

"ಬೇಡಿ" ಎಂದರು ಲೀಲಾವತಿ. "ನಾವಿದೀವಿ."

ಅವರು ತಲೆಯ ಕಡೆ ನಿಂತರು. ಗೌರಮ್ಮ ಭುಜದ ಕೆಳಗೆ ಕೈ ಹಾಕಿದರು. ನಾನು ಸೊಂಟದ ಹತ್ತಿರ ಕೂತೆ. ಮಿಕ್ಕವರು ಆಚೆ ಈಚೆ, ಕಾಲಿನ ಕಡೆ. ಎಲ್ಲರೂ ನಲವತ್ತೈದು ದಾಟಿದವರು, ಒಬ್ಬಿಬ್ಬರು ಐವತ್ತನ್ನೂ ದಾಟಿದವರು. ಲೀಲಾವತಿ ಮೆಲ್ಲಗೆ, ಏಳಿ ಎಂದರು. ಒಂದೇ ಸಲಕ್ಕೆ ಎದ್ದೆವು, ಯಾರೂ ಗೋಡೆ ಹಿಡಿಯಲಿಲ್ಲ. ನಡುಮನೆ ದಾಟಿ, ಅಡಿಗೆಮನೆಯ ಪಕ್ಕದ ಓಣಿಯಲ್ಲಿ ಓರೆಯಾಗಿ, ಎರಡು ಮೆಟ್ಟಿಲು ಇಳಿದು ಹಿತ್ತಲಿಗೆ ಬಂದೆವು. ಒಬ್ಬರಿಗೂ ಏದುಸಿರು ಬರಲಿಲ್ಲ. ಅವಳ ತಲೆ ಅಲ್ಲಾಡಲಿಲ್ಲ, ಕೈ ಜೋತುಬೀಳಲಿಲ್ಲ.

ಕಲ್ಲಿನ ಮೇಲೆ ಇಳಿಸಿ, ಎಲ್ಲಕ್ಕಿಂತ ಮೊದಲು ನಾನು ಅವಳ ಅಂಗೈ ಎರಡನ್ನೂ ತೊಳೆದೆ.